ಡಿಸ್ಕಿಗೆ ಹರಿಕಥೆ ಕೇಳಿಸಿದವರು

ಕ್ಯಾಂಟೀನಿನ ಟೇಬಲ್ಲುಗಳನ್ನು ಗೋಡೆಗೆ ಒತ್ತರಿಸಿ, ಒಂದರ ಮೇಲೆ ನಮ್ಮ ಮೇಡಂ ಫೋಟೋ ಇಟ್ಟು ಹಾರ ಹಾಕಿದ್ದರು. ಕಾರ್ಖಾನೆಯ ಗುರುತಿನ ಚೀಟಿಯಲ್ಲಿದ್ದ ಚಿತ್ರವನ್ನೇ ದೊಡ್ಡದು ಮಾಡಿಸಿದ್ದರಿಂದ ಮುಖ ಮಸುಕಾಗಿತ್ತು. ಕಣ್ಣು ಮಾತ್ರ ಎಂದಿನಂತೆ, ಎದುರಿಗೆ ನಿಂತವರಲ್ಲಿ ಏನೋ ತಪ್ಪು ಹುಡುಕುತ್ತಿರುವ ಹಾಗಿತ್ತು. ಮಾಲೀಕರು ಪಕ್ಕದಲ್ಲಿ ನಿಂತು, ಕೈ ಕಟ್ಟಿಕೊಂಡು, ಮೆಲುದನಿಯಲ್ಲಿ ಹೇಳಿದರು: "ಇಷ್ಟು ವರ್ಷ ನಮ್ ಜೊತೆ ಇದ್ರು. ಒಂದು ದಿನ ಒಂದು ಕಂಪ್ಲೇಂಟ್ ಅಂತ ಮಾಡಿದವರಲ್ಲ. ಅಂಥ ಸಹನೆ ಅವರದ್ದು."

ನನಗೆ ಕಿವಿಯ ಹಿಂದೆ ಬಿಸಿಯಾಯಿತು. ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು ಎನ್ನುವುದು ನನಗೂ ಗೊತ್ತು. ಆದರೆ ಒಬ್ಬರು ಇಡೀ ನೌಕರಿಯುದ್ದಕ್ಕೂ ಮಾಡಿದ್ದೇನು ಎಂಬುದನ್ನೇ ಒಂದು ಹೊಗಳಿಕೆಯಿಂದ ಒರೆಸಿಹಾಕಬಹುದು ಎಂದು ನಾನು ಅಂದುಕೊಂಡಿರಲಿಲ್ಲ. ಅವರು ಕಂಪ್ಲೇಂಟ್ ಮಾಡದ ದಿನ ನನಗೆ ನೆನಪಿಲ್ಲ. ಅವರು ಬಂದದ್ದು ನಮಗೆ ತಿಳಿಯುತ್ತಿದ್ದುದೇ ಗೇಟಿನ ಬಳಿ ಏನೋ ಸರಿಯಿಲ್ಲ ಎಂದು ಕಾವಲುಗಾರನಿಗೆ ಹೇಳುತ್ತಿದ್ದ ಅವರ ದನಿಯಿಂದ. ಮನೆಗೆ ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಯಶವಂತಪುರ ದಾಟಿದ ಮೇಲೆ ಸಿಗುವ ಕೈಗಾರಿಕಾ ಪ್ರದೇಶದಲ್ಲಿ, ಪ್ಲಾಸ್ಟಿಕ್ ಮುಚ್ಚಳ, ಡಬ್ಬಿ, ಸ್ವಿಚ್ ಬೋರ್ಡುಗಳಿಗೆ ಉಕ್ಕಿನ ಅಚ್ಚು ಕೊರೆಯುವ ಕಾರ್ಖಾನೆ. ಕೊರೆಯುವ ಮೆಷಿನ್ನು ಎತ್ತ ಹೋಗಬೇಕು, ಎಷ್ಟು ಆಳ ಇಳಿಯಬೇಕು ಎನ್ನುವುದನ್ನು ಕಂಪ್ಯೂಟರಿನಲ್ಲಿ ಬರೆದು ಕಳಿಸುವುದು ಅವರ ಕೆಲಸ. ಕೊರೆದು ಬಂದದ್ದನ್ನು ಅಳೆದು ಸರಿಯಿದೆ, ಇಲ್ಲ ಎನ್ನುವುದು ನನ್ನ ಕೆಲಸ. ಬಿ.ಎಸ್ಸಿ. ಮುಗಿಸಿ ನಾನು ಅಲ್ಲಿಗೆ ಸೇರಿದಾಗ ಅವರು ಆಗಲೇ ಹಳಬರು. ಕೆಲಸಗಾರರು ಅಕ್ಕ ಎನ್ನುತ್ತಿದ್ದರು, ನಾನು ಮೇಡಂ ಎನ್ನುತ್ತಿದ್ದೆ.

ಬಾಗಲಗುಂಟೆಯವರು. ಅದು ಊರಾಗಿದ್ದಾಗಿನಿಂದಲೂ ಅಲ್ಲಿದ್ದ ಮನೆತನ. ಅಣ್ಣತಮ್ಮಂದಿರೆಲ್ಲ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿ ಕೂತಾಗ ಇವರು ಡಿಪ್ಲೊಮಾ ಮಾಡಿ ಕಾರ್ಖಾನೆಗೆ ಬಂದರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಹುಡುಗನ ಮನೆಯ ಗೇಟು ಓರೆಯಾಗಿತ್ತು, ಹೇಳಿದ್ದಕ್ಕೆ ಅವರಿಗೆ ಬೇಜಾರಾಯಿತು ಎನ್ನುತ್ತಿದ್ದರು. ಅದು ತಮಾಷೆಯೋ ನಿಜವೋ ನನಗೆ ಕೊನೆಗೂ ತಿಳಿಯಲಿಲ್ಲ. ಸೀರೆಯ ಕೆಳಗೆ ದಪ್ಪ ಸೇಫ್ಟಿ ಶೂ ಹಾಕುತ್ತಿದ್ದರು. ಬಸ್ಸಿನಲ್ಲಿ ಹೆಂಗಸರು ನೋಡಿ ನಗುತ್ತಾರೆಂದು ಯಾರೋ ಹೇಳಿದಾಗ, ನಗಲಿ ಬಿಡಿ, ಅವರ ಕಾಲ ಮೇಲೆ ಉಕ್ಕು ಬೀಳಲ್ಲ ಎಂದಿದ್ದರು.

ಲೋಹ ಕತ್ತರಿಸಿದಾಗ ಅಂಚಿನಲ್ಲಿ ಚೂಪಾದ ಸಿಬಿರು ಉಳಿಯುತ್ತದೆ. ಅದನ್ನು ನಾವು ಬರ್ ಎನ್ನುತ್ತೇವೆ. ಅವರಿಗೆ ಯಾವ ಅಂಚು ಕಂಡರೂ ಹೆಬ್ಬೆರಳಿನ ಉಗುರು ಎಳೆದು ನೋಡುವ ಅಭ್ಯಾಸ. ಅಚ್ಚಿನ ಅಂಚು ಸರಿ. ಆದರೆ ಕ್ಯಾಂಟೀನಿನ ಸ್ಟೀಲ್ ತಟ್ಟೆ, ಬಸ್ಸಿನ ಸೀಟಿನ ಕಂಬಿ, ನನ್ನ ಮಗಳ ನಾಮಕರಣಕ್ಕೆ ಬಂದಾಗ ಬೆಳ್ಳಿ ಬಟ್ಟಲು ಕೂಡ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಚೀಲದಿಂದ ಚಿಕ್ಕ ಅರ ತೆಗೆದು ಅಲ್ಲೇ ಉಜ್ಜುತ್ತಿದ್ದರು. ನನ್ನ ಅತ್ತೆ ಇದನ್ನು ಬಹಳ ದಿನ ಮರೆಯಲಿಲ್ಲ. ನನಗೂ ಆಗ ಮುಜುಗರವಾಗಿತ್ತು. ಆದರೆ ಮಗು ಬಾಯಿಗೆ ಇಟ್ಟುಕೊಳ್ಳುವ ಬಟ್ಟಲದು.

ಜೊತೆಗಿರಲು ಸುಲಭದ ಮನುಷ್ಯರಲ್ಲ. ನಾನು ಅಳೆದ ಅಳತೆಯನ್ನು ನನ್ನೆದುರೇ ಮತ್ತೊಮ್ಮೆ ಅಳೆಯುತ್ತಿದ್ದರು. ಯಾರ ಕೆಲಸವನ್ನೂ ಚೆನ್ನಾಗಿದೆ ಎಂದವರಲ್ಲ. ಹೆಚ್ಚೆಂದರೆ "ಇರ್ಲಿ" ಎನ್ನುತ್ತಿದ್ದರು. ಆ ಒಂದು "ಇರ್ಲಿ" ಸಿಕ್ಕಿದ ದಿನ ಮುನಿರಾಜು ಎಲ್ಲರಿಗೂ ಬೋಂಡ ತರಿಸಿದ್ದ.

ಮುನಿರಾಜು ಎಂದರೆ ದೊಡ್ಡ ಮೆಷಿನ್ನು ನಡೆಸುತ್ತಿದ್ದವನು. ಹೆಸರಘಟ್ಟದ ಕಡೆಯವನು, ಎರಡು ಮಕ್ಕಳ ತಂದೆ, ಬಾಯಲ್ಲಿ ಸದಾ ಹಾಡು. ಅವನ ಮೆಷಿನ್ನಿಗೆ ಗಾಜಿನ ಬಾಗಿಲಿತ್ತು. ಬಾಗಿಲು ತೆರೆದರೆ ಮೆಷಿನ್ನು ತಾನೇ ನಿಲ್ಲುವಂತೆ ಅದಕ್ಕೊಂದು ಸ್ವಿಚ್ಚಿತ್ತು. ಆ ಸ್ವಿಚ್ಚಿನಿಂದ ಕೆಲಸ ನಿಧಾನವಾಗುತ್ತದೆಂದು ಮೇಲಿನವರು ಅದರ ಎರಡು ತಂತಿಗಳನ್ನು ಒಟ್ಟಿಗೆ ತಿರುಚಿಸಿ ಟೇಪ್ ಸುತ್ತಿಸಿದ್ದರು. ಬಾಗಿಲು ತೆರೆದಿದ್ದರೂ ಮುಚ್ಚಿದೆ ಎಂದು ಮೆಷಿನ್ನು ನಂಬುತ್ತಿತ್ತು.

ಒಂದು ಆಯುಧಪೂಜೆಯ ದಿನ ಆ ಮೆಷಿನ್ನಿಗೆ ಬಾಳೆಕಂದು ಕಟ್ಟಿ, ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯಲು ಮಾಲೀಕರು ಕೈಗೆತ್ತಿಕೊಂಡಿದ್ದರು. ಹೆಂಡತಿ ಮಕ್ಕಳು, ಬೀಗರು, ಎಲ್ಲರೂ ನಿಂತಿದ್ದರು. ಆಗ ಮೇಡಂ ಮುಂದೆ ಬಂದು, "ಸರ್, ಕುಂಬಳಕಾಯಿ ಆಮೇಲೆ ಒಡೀರಿ. ಮೊದ್ಲು ಆ ಬಾಗಿಲಿನ ಸ್ವಿಚ್ಚು ಸರಿಮಾಡ್ಸಿ. ದೃಷ್ಟಿ ತಾಗಲ್ಲ ಇದಕ್ಕೆ, ಕೈ ತಾಗತ್ತೆ" ಎಂದರು. ಮಾಲೀಕರು ನಕ್ಕು ಕಾಯಿ ಒಡೆದರು. ಅವರ ಬೀಗರೂ ನಕ್ಕರು. ಸಹನೆಯ ಮೂರ್ತಿ ಎಂದು ಈಗ ಹೇಳುತ್ತಿರುವುದು ಈ ಹೆಂಗಸನ್ನು.

ಇನ್ನು ಕಂಪ್ಯೂಟರಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ ಅರ್ಥವಾಗುವುದಿಲ್ಲ.

ಅವರ ಕೋಣೆಯಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ಹಾರ್ಡ್ ಡಿಸ್ಕ್. ಅದರಲ್ಲೇ ವಿಂಡೋಸ್, ಅದರಲ್ಲೇ ಮೆಷಿನ್ನಿಗೆ ಕಳಿಸುವ ಫೈಲುಗಳು. ಮಾಲೀಕರ ಸೋದರಳಿಯ ಆಗ ಹೊಸದಾಗಿ ಬಂದು ಕಂಪ್ಯೂಟರುಗಳ ಉಸ್ತುವಾರಿ ವಹಿಸಿಕೊಂಡಿದ್ದ. ಅವನು ಎಲ್ಲಾ ಕಂಪ್ಯೂಟರಿಗೂ ಎಸ್ಸೆಸ್ಡಿ ಎಂಬ, ತಿರುಗುವ ಭಾಗವಿಲ್ಲದ, ಬಹಳ ವೇಗದ ಹೊಸ ಡಿಸ್ಕ್ ಹಾಕಿಸಿದ. ವಿಂಡೋಸ್ ಅದಕ್ಕೆ ಹೋಯಿತು. ಅದು ಚಿಕ್ಕದು, ತುಂಬಿಸಬಾರದು ಎಂದು ಮೆಷಿನ್ನಿನ ಫೈಲುಗಳನ್ನು ಹಳೆಯ ತಿರುಗುವ ಡಿಸ್ಕಿನಲ್ಲೇ ಉಳಿಸಿದ. ಒಂದೇ ಡಬ್ಬದಲ್ಲಿ ಎರಡು ಬಗೆಯ ಡಿಸ್ಕು. ಬಟನ್ ಒತ್ತಿದ ಕೂಡಲೇ ಕಂಪ್ಯೂಟರು ಎದ್ದು ನಿಲ್ಲುವುದನ್ನು ನೋಡಿ ಎಲ್ಲರಿಗೂ ಖುಷಿಯೇ.

ಆದರೆ ಅವನು ಜೊತೆಗೆ ಇನ್ನೊಂದು ಕೆಲಸ ಮಾಡಿದ್ದ. ಕರೆಂಟು ಉಳಿಸಲೆಂದು, ಡಿಸ್ಕಿಗೆ ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ಅದು ತಿರುಗುವುದನ್ನು ನಿಲ್ಲಿಸಿ ಮಲಗಲಿ ಎಂದು ಎಲ್ಲಾ ಕಂಪ್ಯೂಟರುಗಳಿಗೂ ಒಂದೇ ಸೆಟ್ಟಿಂಗ್ ಹಾಕಿ, ಪಾಸ್‌ವರ್ಡ್ ಬಿಗಿದಿದ್ದ. ಮೊದಲು ವಿಂಡೋಸೂ ಆ ಹಳೆಯ ಡಿಸ್ಕಿನಲ್ಲೇ ಇದ್ದುದರಿಂದ ಅದಕ್ಕೆ ಬಿಡುವೇ ಸಿಗುತ್ತಿರಲಿಲ್ಲ, ಮಲಗುತ್ತಲೂ ಇರಲಿಲ್ಲ. ಈಗ ಮಲಗತೊಡಗಿತು.

ಮಲಗಿದರೆ ಏನಾಯಿತು ಎಂದು ನಾನೂ ಕೇಳಿದ್ದೆ. ನಮ್ಮಲ್ಲಿ ಒಂದು ಪದ್ಧತಿ. ಅಚ್ಚು ಕೊರೆಯಲು ದಪ್ಪದ್ದು, ಸಣ್ಣದು ಎಂದು ಬೇರೆಬೇರೆ ಟೂಲು, ಅಂದರೆ ತಿರುಗುತ್ತಾ ಉಕ್ಕು ಕೊರೆಯುವ ಅಲಗು, ಬೇಕು. ಒಂದೊಂದು ಟೂಲಿಗೂ ಒಂದೊಂದು ಫೈಲು. ಒಂದು ಟೂಲಿನ ಕೆಲಸ ಮುಗಿದ ಮೇಲೆ ಮೆಷಿನ್ನು ತಿರುಗುವುದನ್ನು ನಿಲ್ಲಿಸಿ, ಟೂಲು ಬದಲಿಸಿಕೊಂಡು, ಕಂಪ್ಯೂಟರಿನಿಂದ ಮುಂದಿನ ಫೈಲು ಕೇಳುತ್ತದೆ. ಮೊದಲು ಆ ಫೈಲು ತಕ್ಷಣ ಬರುತ್ತಿತ್ತು. ಈಗ ಮಲಗಿದ ಡಿಸ್ಕು ಗುರ್ ಎಂದು ಏಳಬೇಕು, ವೇಗ ಹಿಡಿಯಬೇಕು, ಆಮೇಲೆ ಫೈಲು. ಅಷ್ಟು ಹೊತ್ತು ಮೆಷಿನ್ನು ಸುಮ್ಮನೆ ನಿಂತಿರುತ್ತದೆ. ನಮ್ಮ ಕೆಲಸಗಾರರೆಲ್ಲ ಕಿವಿಯಿಂದ ಕೆಲಸ ಮಾಡುವವರು. ಟೂಲು ಬದಲಾಗಿ ಕೂಡಲೇ ತಿರುಗಿದರೆ ಕೆಲಸ ಇನ್ನೂ ಇದೆ. ತಿರುಗದೆ ನಿಂತರೆ ಮುಗಿಯಿತು, ಬಾಗಿಲು ತೆಗೆದು ಒಳಗೆ ಕೈ ಹಾಕಬಹುದು. ವರ್ಷಗಟ್ಟಲೆ ಅದು ಸುಳ್ಳಾಗಿರಲಿಲ್ಲ.

ಇದನ್ನು ಅವರು ಮೊದಲ ವಾರವೇ ಹಿಡಿದರು. ಸೋದರಳಿಯನ ಬಳಿ ಹೋಗಿ, ಈ ಒಂದು ಕಂಪ್ಯೂಟರಿನಲ್ಲಿ ಮಾತ್ರ ಡಿಸ್ಕು ಮಲಗುವ ಸಮಯಕ್ಕೆ ಸೊನ್ನೆ ಹಾಕಿ, ಸೊನ್ನೆ ಹಾಕಿದರೆ ಯಾವತ್ತೂ ಮಲಗುವುದಿಲ್ಲ ಎಂದು ಕೇಳಿದರು. ಅವನು, ಹೊಸ ಡಿಸ್ಕಿಗೆ ನಿದ್ದೆ, ಎಚ್ಚರ ಎಂಬುದೇ ಇಲ್ಲ, ನಿಮಗೆ ಹಳೇ ಕಾಲದ ಭಯ ಎಂದನಂತೆ. "ನಾನ್ ಹೇಳ್ತಿರೋದು ಹೊಸದರ ಬಗ್ಗೆ ಅಲ್ಲಪ್ಪ, ಅದರ ಪಕ್ಕದಲ್ಲಿರೋದ್ರ ಬಗ್ಗೆ. ಮನೇಲಿ ಒಬ್ಬ ಎದ್ದು ಕೂತಿದಾನೆ ಅಂದ್ರೆ ಎಲ್ರೂ ಎದ್ದಿದಾರೆ ಅಂತಲ್ಲ" ಎಂದರು. ಹಾಗಾದರೆ ಫೈಲುಗಳನ್ನಾದರೂ ಹೊಸದಕ್ಕೆ ಹಾಕಿಕೊಡಿ ಎಂದರು. ಅದಕ್ಕೂ ಇಲ್ಲ. ಆಫೀಸಿಗೆಲ್ಲ ಒಂದೇ ನಿಯಮ, ಒಬ್ಬರಿಗೆ ಬದಲಿಸಿದರೆ ಎಲ್ಲರೂ ಕೇಳುತ್ತಾರೆ ಎಂದ. ಅವರು ಮಾಲೀಕರ ಹತ್ತಿರ ಹೋದರು. ಮಾಲೀಕರು, ಹುಡುಗ ಏನೋ ಒಳ್ಳೆಯದು ಮಾಡಲು ಹೊರಟಿದ್ದಾನೆ, ಸಹಕಾರ ಕೊಡಿ ಮೇಡಂ ಎಂದರು.

ಅವರು ಸುಮ್ಮನೆ ಕೂರಲಿಲ್ಲ. ಒಂದು ಬೆಳಿಗ್ಗೆ ಅವರ ಕೋಣೆಗೆ ಹೋದಾಗ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಒಂದು ಹರಿಕಥೆ ಓಡುತ್ತಿತ್ತು. ಗೆಜ್ಜೆ ಕಟ್ಟಿ ತಾಳ ಹಿಡಿದ ದಾಸರು ಬಾಯಿ ತೆರೆಯುತ್ತಿದ್ದಾರೆ, ದನಿ ಇಲ್ಲ. ಇದೇನು ಮೇಡಂ ಎಂದೆ. ಅವರ ಅಣ್ಣ ಊರಿನ ದೇವಸ್ಥಾನದಲ್ಲಿ ವಿಡಿಯೋ ಮಾಡಿಸಿದ್ದ ಹರಿಕಥೆಗಳಂತೆ, ಒಂದೊಂದೂ ಗಂಟೆಗಟ್ಟಲೆಯವು. ಅವನ್ನೆಲ್ಲ ಹಳೆಯ ಡಿಸ್ಕಿಗೆ ತುಂಬಿ, ದನಿ ಪೂರ್ತಿ ಇಳಿಸಿ, ಒಂದರ ಹಿಂದೆ ಒಂದು ಬಿಡುತ್ತಿದ್ದರು. ಹರಿಕಥೆ ಓಡುತ್ತಿರುವಷ್ಟು ಹೊತ್ತೂ ಡಿಸ್ಕಿಗೆ ಕೆಲಸವಿದೆ, ಅದು ಮಲಗುವುದಿಲ್ಲ.

"ನಮ್ಮಪ್ಪ ಹರಿಕಥೆ ಶುರುವಾದ ತಕ್ಷಣ ಗೊರಕೆ ಹೊಡೀತಿದ್ರು. ಇದೊಂದು ನೋಡಿ, ಎಷ್ಟು ಭಕ್ತಿಯಿಂದ ಎದ್ದು ಕೂತಿದೆ" ಎಂದರು. ಅವರು ಮನಸಾರೆ ನಕ್ಕದ್ದನ್ನು ನಾನು ನೋಡಿದ್ದು ಅವತ್ತು.

ಹಲವು ತಿಂಗಳು ಆ ಮೂಕ ದಾಸರು ನಮ್ಮ ಕಾರ್ಖಾನೆಯನ್ನು ಕಾಪಾಡಿದರು. ನಾನು ಅತಿಶಯೋಕ್ತಿ ಮಾಡುತ್ತಿಲ್ಲ. ಒಂದು ದಿನ ಸೋದರಳಿಯ ಕೋಣೆಯ ಗಾಜಿನ ಗೋಡೆಯಾಚೆಯಿಂದ ಪರದೆ ನೋಡಿದ. ಕೆಲಸದ ವೇಳೆಯಲ್ಲಿ ವಿಡಿಯೋ ನೋಡುತ್ತಾರೆ ಎಂದು ಎಲ್ಲರೆದುರು ಹೇಳಿದ. ಅವರು ಕಾರಣ ವಿವರಿಸಿದರು. ಮತ್ತೊಮ್ಮೆ ಸೊನ್ನೆ ಹಾಕು ಎಂದರು. ಅವನು ಅವರೆದುರೇ ಕೂತು ಅಷ್ಟೂ ಹರಿಕಥೆಗಳನ್ನು ಅಳಿಸಿ, ಹೊಸ ವಿಡಿಯೋ ಹಾಕಲಾಗದಂತೆ ಮಾಡಿ ಎದ್ದುಹೋದ. ಅವರು ಮುನಿರಾಜುವನ್ನು ಕರೆದು, ಇನ್ನು ಮೇಲೆ ಮೆಷಿನ್ನು ನಿಂತಿದೆ ಎಂದು ಕೈ ಹಾಕಬೇಡ, ಕೆಲಸ ಮುಗಿಯಿತು ಎಂದು ಮೆಷಿನ್ನಿನ ಪರದೆಯಲ್ಲಿ ಬಂದಿದೆಯಾ ನೋಡಿಕೊಂಡು ಹಾಕು ಎಂದು ಹೇಳಿದರು. ದಿನವೂ ಹೇಳುತ್ತಿದ್ದರು. ಅವನೂ ಹೂಂ ಅಕ್ಕ ಎನ್ನುತ್ತಿದ್ದ. ಆದರೆ ಕಿವಿಗೆ ವರ್ಷಗಟ್ಟಲೆ ಆದ ಅಭ್ಯಾಸ ಹೂಂ ಎಂದ ಮಾತ್ರಕ್ಕೆ ಹೋಗುತ್ತದೆಯೇ?

ಅವತ್ತು ಊಟದ ಗಂಟೆಗೆ ಸ್ವಲ್ಪ ಮೊದಲು ನಾನು ಅವರ ಕೋಣೆಯಲ್ಲಿದ್ದೆ. ಒಂದು ಅಚ್ಚಿನ ಅಳತೆಯ ಬಗ್ಗೆ ಇಬ್ಬರೂ ಜಗಳವಾಡುತ್ತಿದ್ದೆವು. ಮಧ್ಯದಲ್ಲಿ ಕಂಪ್ಯೂಟರಿನ ಡಬ್ಬದೊಳಗೆ ಗುರ್ ಎಂಬ ಸದ್ದು ಶುರುವಾಯಿತು. ಅವರು ಮಾತು ಅರ್ಧಕ್ಕೆ ನಿಲ್ಲಿಸಿ ಗಾಜಿನಾಚೆ ನೋಡಿದರು. ನಾನೂ ನೋಡಿದೆ. ಮೆಷಿನ್ನು ನಿಂತಿತ್ತು. ಮುನಿರಾಜು ಬಾಗಿಲು ಸರಿಸಿ, ಕೈಯಲ್ಲಿ ಬಟ್ಟೆ ಹಿಡಿದು, ಅಚ್ಚಿನ ಆಳದಲ್ಲಿ ತುಂಬಿದ್ದ ಉಕ್ಕಿನ ಚೂರು ತೆಗೆಯಲು ಭುಜದವರೆಗೂ ಒಳಗೆ ಬಗ್ಗಿದ್ದ. ಅವನ ತೋಳಿನ ನೇರ ಮೇಲೆ ಹೊಸದಾಗಿ ಬದಲಾದ ಟೂಲು ತೂಗುತ್ತಿತ್ತು.

ಮೇಡಂ ಗಾಜಿಗೆ ಬಡಿದರು. ಅವನ ಹೆಸರು ಕೂಗಿದರು. ಹೊರಗೆ ಕಂಪ್ರೆಸರಿನ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. ಮೆಷಿನ್ನಿನ ಕೆಂಪು ಸ್ವಿಚ್ಚು ಇರುವುದು ಮೆಷಿನ್ನಿನ ಮೈಮೇಲೆ, ನಮ್ಮಿಂದ ದೂರ. ಡಬ್ಬದ ಸದ್ದು ಏರುತ್ತಿತ್ತು, ಡಿಸ್ಕು ವೇಗ ಹಿಡಿಯುತ್ತಿತ್ತು. ನಾನು ಕೋಣೆಯ ಬಾಗಿಲಿಗೆ ಓಡಿದೆ. ಅವರು ಓಡಲಿಲ್ಲ. ಕಂಪ್ಯೂಟರಿನ ಹಿಂದಿನಿಂದ ಮೆಷಿನ್ನಿಗೆ ಹೋಗುವ ದಪ್ಪ ಕೇಬಲ್ಲನ್ನು ಎರಡೂ ಕೈಯಿಂದ ಹಿಡಿದು, ಕಾಲನ್ನು ಟೇಬಲ್ಲಿಗೆ ಕೊಟ್ಟು ಎಳೆದರು. ಆ ಪ್ಲಗ್ಗಿಗೆ ಎರಡೂ ಕಡೆ ಸ್ಕ್ರೂ. ಅವನ್ನು ಬಿಗಿಯಾಗಿ ತಿರುಗಿಸಿದವರು ಅವರೇ, ಅರ್ಧಂಬರ್ಧ ಕೂತ ಪ್ಲಗ್ಗು ಅವರಿಗೆ ಆಗುತ್ತಿರಲಿಲ್ಲ. ಪ್ಲಗ್ಗು ಬರಲಿಲ್ಲ. ಇಡೀ ಡಬ್ಬವೇ ಟೇಬಲ್ಲಿನಿಂದ ಹಾರಿ ನೆಲಕ್ಕೆ ಅಪ್ಪಳಿಸಿತು.

ನಾನು ಬಾಗಿಲಲ್ಲಿ ಇದ್ದೆ. ಮುನಿರಾಜುವಿನ ತೋಳಿನ ಮೇಲೆ ಟೂಲು ತಿರುಗಲು ಶುರುವಾಗಿತ್ತು. ಫೈಲು ಮೆಷಿನ್ನಿಗೆ ಹೋಗುವುದು ಒಂದೊಂದೇ ಸಾಲಾಗಿ; ತಿರುಗು ಎಂಬ ಮೊದಲ ಸಾಲು ಹೋಗಿಬಿಟ್ಟಿತ್ತು. ಡಬ್ಬ ಬಿದ್ದು ಡಿಸ್ಕು ಕೆಟ್ಟದ್ದರಿಂದ ಕೆಳಗಿಳಿ ಎಂಬ ಸಾಲು ಹೋಗಲಿಲ್ಲ. ಟೂಲು ಇದ್ದಲ್ಲೇ ತಿರುಗುತ್ತಿತ್ತು, ಒಂದು ಗೇಣು ಮೇಲೆ. ಅದರ ಗಾಳಿ ಕುತ್ತಿಗೆಗೆ ತಾಗಿ ಅವನು ತಲೆಯೆತ್ತಿ ನೋಡಿದ. ಕೈ ಎಳೆದುಕೊಂಡ. ಹಿಡಿದಿದ್ದ ಬಟ್ಟೆಯ ತುದಿ ಟೂಲಿಗೆ ಸಿಕ್ಕಿ, ಅವನ ಕೈಯಿಂದ ಕಿತ್ತುಕೊಂಡು, ಪಟಪಟ ಬಡಿಯುತ್ತಾ ತಿರುಗತೊಡಗಿತು. ನಾನು ಹೋಗಿ ಕೆಂಪು ಸ್ವಿಚ್ಚು ಒತ್ತಿದಾಗ ಅವನು ನೆಲದ ಮೇಲೆ ಕೂತು ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಈಗಲೂ ಮನೆಯಲ್ಲಿ ಫ್ಯಾನಿಗೆ ಪರದೆಯ ತುದಿ ತಾಗಿ ಪಟಪಟ ಎಂದರೆ ನಾನು ಎದ್ದು ನಿಲ್ಲುತ್ತೇನೆ. ಆ ಡಬ್ಬ ನೆಲಕ್ಕೆ ಬೀಳದೆ ಇದ್ದಿದ್ದರೆ, ಅವರು ನನ್ನ ಹಾಗೆ ಬಾಗಿಲಿಗೆ ಓಡಿದ್ದಿದ್ದರೆ, ಆ ಸದ್ದು ಏನೆಂದು ಅವರಿಗೆ ಗೊತ್ತಿಲ್ಲದಿದ್ದರೆ ಎಂದು ಲೆಕ್ಕ ಹಾಕುತ್ತಲೇ ಇರುತ್ತೇನೆ.

ಮಾಲೀಕರು, ಸೋದರಳಿಯ ಇಬ್ಬರೂ ಮಹಡಿಯ ಆಫೀಸಿನಿಂದ ಇಳಿದು ಬಂದರು. ಮಾಲೀಕರು ನೆಲದ ಮೇಲೆ ಕೂತಿದ್ದ ಮುನಿರಾಜುವನ್ನು ದಾಟಿಕೊಂಡು ಬಂದು, ನೆಲದ ಮೇಲೆ ಬಿದ್ದಿದ್ದ ಕಂಪ್ಯೂಟರನ್ನು ನೋಡಿ ಕೇಳಿದ ಮೊದಲ ಮಾತು, "ಬ್ಯಾಕಪ್ ಇದೆಯಾ?" ಇತ್ತು. ಅವರು ವಾರವಾರವೂ ಎಲ್ಲವನ್ನೂ ಸಿ.ಡಿ.ಗೆ ಇಳಿಸಿ ಇಡುತ್ತಿದ್ದರು. ಒಂದು ಫೈಲೂ ಹೋಗಲಿಲ್ಲ. ಹೋದದ್ದು ಆ ಹಳೆಯ ಡಿಸ್ಕು ಮಾತ್ರ.

ಎಮರ್ಜೆನ್ಸಿ ಸ್ವಿಚ್ಚು ಇರುವಾಗ ಕಂಪ್ಯೂಟರು ಕೆಡವುವ ಅಗತ್ಯವೇನಿತ್ತು ಎಂದು ಸೋದರಳಿಯ ಕೇಳಿದ. "ಅಲ್ಲೀವರೆಗೂ ಚಾಚೋ ಅಷ್ಟು ಉದ್ದ ಕೈ ನಂಗಿಲ್ಲಪ್ಪ. ಅವನಿಗಿರೋ ಕೈ ಉಳಿಸ್ಕೊಂಡೆ" ಎಂದರು ಮೇಡಂ.  

ಸಂಜೆಯೊಳಗೆ ಅವರಿಗೆ ಮೆಮೊ ಬಂತು. ಕಂಪನಿಯ ಆಸ್ತಿಯನ್ನು ಬೇಜವಾಬ್ದಾರಿಯಿಂದ ಹಾಳು ಮಾಡಿದ್ದಕ್ಕೆ. ಮುನಿರಾಜುವಿಗೂ ಬಂತು, ನಡೆಯುತ್ತಿರುವ ಮೆಷಿನ್ನಿನೊಳಗೆ ಕೈ ಹಾಕಿದ್ದಕ್ಕೆ. ಬಾಗಿಲಿನ ಸ್ವಿಚ್ಚಿಗೆ ಟೇಪ್ ಸುತ್ತಿಸಿದವರಿಗೆ, ಡಿಸ್ಕನ್ನು ಮಲಗಿಸಿ ಹರಿಕಥೆ ಅಳಿಸಿದವನಿಗೆ ಬರಲಿಲ್ಲ. ಕ್ಷಮಾಪಣೆ ಬರೆದುಕೊಡಿ, ವಿಷಯ ಮುಗಿಸೋಣ ಎಂದರು. ಮೇಡಂ ಬರೆಯಲಿಲ್ಲ. ಅವರನ್ನು ಸಾಮಾನು ಇಡುವ ಸ್ಟೋರಿಗೆ ಹಾಕಿದರು. ಅಚ್ಚಿನ ದಾರಿ ಬರೆಯುತ್ತಿದ್ದವರು ನಟ್ಟು ಬೋಲ್ಟು ಎಣಿಸಿ ಕೊಡತೊಡಗಿದರು. ನಾನು ಮತ್ತು ಇನ್ನೂ ಮೂರುನಾಲ್ಕು ಮಂದಿ ಹೋಗಿ ಕೇಳಿದೆವು. ನಿಮ್ಮ ನಿಮ್ಮ ಕೆಲಸ ನೋಡಿಕೊಳ್ಳಿ ಎಂಬ ಉತ್ತರ ಬಂತು.

ತಿಂಗಳು ಕಳೆಯುವುದರೊಳಗೆ, ಕೆಟ್ಟದ್ದನ್ನು ಬದಲಿಸಿದ ಆ ಕಂಪ್ಯೂಟರಿನಲ್ಲಿ ಡಿಸ್ಕು ಮಲಗುವ ಸಮಯಕ್ಕೆ ಸೊನ್ನೆ ಬಿದ್ದಿತ್ತು. ಇದನ್ನು ಯಾರೂ ಬದಲಿಸಕೂಡದು ಎಂದು ಸೋದರಳಿಯನ ಸಹಿಯ ಚೀಟಿಯೂ ಪರದೆಗೆ ಅಂಟಿತ್ತು. ಬಾಗಿಲಿನ ಸ್ವಿಚ್ಚು ಸರಿಯಾದದ್ದು ಅದಾದ ಎಷ್ಟೋ ಕಾಲಕ್ಕೆ, ಹೊರದೇಶದ ಗಿರಾಕಿಗಳು ಕಾರ್ಖಾನೆ ನೋಡಲು ಬರುತ್ತಾರೆ ಎಂದಾಗ. ಆ ಬಾಗಿಲಿನ ಮೇಲೆ 'ಸುರಕ್ಷತೆ ನಮ್ಮ ಉಸಿರು' ಎಂದು ಬರೆಸಿದರು. ಮೇಡಂ ಅದನ್ನು ನೋಡಲು ಸ್ಟೋರಿನಿಂದ ಬಂದರು. ಬಾಗಿಲು ತೆರೆದು, ಮುಚ್ಚಿ, ಮತ್ತೆ ತೆರೆದು, ಮೆಷಿನ್ನು ನಿಲ್ಲುವುದನ್ನು ನೋಡಿದರು. ಬಾಗಿಲಿನ ಅಂಚಿಗೆ ಉಗುರು ಎಳೆದರು. "ಇರ್ಲಿ" ಎಂದು ಹೊರಟುಹೋದರು.

ಸ್ಟೋರಿನಲ್ಲೂ ಬಿಡಲಿಲ್ಲ. ಏಣಿಯ ಮೆಟ್ಟಿಲು ಅಲ್ಲಾಡುತ್ತದೆ, ಬೆಂಕಿ ಆರಿಸುವ ಸಿಲಿಂಡರಿನ ಎದುರು ಪೆಟ್ಟಿಗೆ ಇಟ್ಟಿದ್ದೀರಿ ಎಂದು ಹೇಳುತ್ತಲೇ ಇದ್ದರು. ಕಿಡ್ನಿಯ ತೊಂದರೆಯಾಗಿ ಆಸ್ಪತ್ರೆ ಸೇರಿದಾಗ ನಾನೂ ಮುನಿರಾಜುವೂ ನೋಡಲು ಹೋಗಿದ್ದೆವು. ಮಂಚದ ಕಂಬಿ ಒರಟಾಗಿದೆ, ಅರ ತಂದಿದ್ದೀಯಾ ಎಂದು ಅವನನ್ನು ಕೇಳಿದರು. ಅವನು ಮರುದಿನ ತಂದುಕೊಟ್ಟ.

ಒಂದು ಕಂಪ್ಲೇಂಟ್ ಮಾಡಿದವರಲ್ಲವಂತೆ.

ಕ್ಯಾಂಟೀನಿನ ಆ ಸಭೆಯಲ್ಲಿ ಮಾಲೀಕರ ಮಾತು ಮುಗಿದ ಮೇಲೆ, ಬೇರೆ ಯಾರಾದರೂ ಎರಡು ಮಾತು ಆಡುವುದಿದೆಯಾ ಎಂದು ಕೇಳಿದರು. ಇಂಥ ಸಭೆಯಲ್ಲಿ ಹಾಗೆ ಕೇಳುವುದು ಯಾರೂ ಆಡುವುದಿಲ್ಲ ಎಂಬ ಧೈರ್ಯದ ಮೇಲೆ. ಹಿಂದಿನಿಂದ ಮುನಿರಾಜು ಬಂದ. ಎಣ್ಣೆಯ ಕಲೆಯ ಯೂನಿಫಾರಮ್ಮಿನಲ್ಲೇ ಇದ್ದ. ಸಭೆಯ ಕಡೆಗೆ ತಿರುಗಲಿಲ್ಲ, ಫೋಟೋಕ್ಕೆ ಎದುರಾಗಿ ನಿಂತ.

"ತೆಪ್ಪು ತಿಳ್ಕಾಬೇಡಿ ಸಾ. ಅಕ್ಕ ದಿನಾ ಕಂಪ್ಲೇಂಟ್ ಮಾಡ್ತಿದ್ರು. ಡಿಸ್ಕ್ ಬಗ್ಗೆ ಮಾಡುದ್ರು, ಬಾಗ್ಲು ಬಗ್ಗೆ ಮಾಡುದ್ರು, ನನ್ ಬಗ್ಗೇನೂ ಮಾಡುದ್ರು. ಅದಕ್ಕೇ ಇವತ್ತು ಅವ್ರಿಗೆ ಇಂಗೆ ಕೈ ಮುಗಿಯಕ್ಕೆ ನಂಗೆ ಎರಡು ಕೈ ಐತೆ."

ಅವನು ಕೈ ಮುಗಿದ. ಮುಗಿದ ಕೈಯನ್ನು ಬಹಳ ಹೊತ್ತು ಇಳಿಸಲಿಲ್ಲ. ಮಾಲೀಕರು ಗಡಿಯಾರ ನೋಡುತ್ತಿದ್ದರು. ನಾನು ಆ ಕೈಗಳನ್ನು ನೋಡಿದೆ.